ಬಿಜಲಿಗೆ ಕಟ್ಟಿದ ಅಂಟಿನ ಉಂಡೆ

ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂದರೆ ಎಲ್ಲರಿಗೂ ಬಾಣಂತಿ ಕೋಣೆ ನೆನಪಾಗುತ್ತದೆ. ನನಗೆ ಕುದುರೆ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ. ಇವತ್ತು ಬೆಳಿಗ್ಗೆ ಹೆಂಡತಿ ನನ್ನ ಮೊಣಕಾಲಿಗೆಂದು ಅಂಟಿನ ಉಂಡೆ ಕಟ್ಟಲು ಕುಳಿತಳು. ನಾನು ಕೂತಲ್ಲೇ ಕಂಪ್ಲಿ ತಲುಪಿಬಿಟ್ಟೆ. ಬಸ್ಸಿನ ಮೆಟ್ಟಿಲು ಹತ್ತುವ ಕಾಲು ಈಗೆಲ್ಲಿದೆ?

ಸಂಡೂರಿನ ಅದಿರು ಮಣ್ಣು ಚಿನ್ನವಾಗಿದ್ದ ಕಾಲ. ಅದನ್ನು ಸಾಗಿಸಲು ಲಾರಿ ಬಿಟ್ಟವರೆಲ್ಲ ಹೊಸಪೇಟೆಯಲ್ಲಿ ಕಾರಿನ ಮೇಲೆ ಕಾರು ಕೊಂಡರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದ್ದ ನನ್ನ ಸೋದರಮಾವನೂ ಲಾರಿ ಬಿಟ್ಟ, ಆದರೆ ಕೊಂಡದ್ದು ಕುದುರೆ. ಹೆಸರು ಬಿಜಲಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಓಡುವ ದೂರದ ಪಂದ್ಯಕ್ಕೆಂದೇ ತಂದದ್ದು. ಅದರಲ್ಲಿ ಓಡಿ ಮುಗಿಸಿದರೆ ಸಾಲದು. ಮುಗಿದ ಮೇಲೆ ಪಶು ಡಾಕ್ಟರ ಮುಂದೆ, ಹಗ್ಗ ಹಿಡಿದವರ ಜೊತೆ ಕುದುರೆ ಕುಂಟದೆ ಓಡಿ ತೋರಿಸಬೇಕು. ಕುಂಟಿತೋ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಬಿಜಲಿ ಪಾಸಾಗ್ಲಿಲ್ಲಂದ್ರ ಮೀಸಿ ಬೋಳಿಸ್ತೀನಿ!" ಎಂದು ಮಾವ ಹೋಟೆಲಿನಲ್ಲಿ ಸಾರಿಬಿಟ್ಟ. ಆ ಮೀಸೆಯೋ, ಮುಖಕ್ಕಿಂತ ಮೊದಲು ಮನೆಯೊಳಗೆ ಬರುತ್ತಿತ್ತು.

ಕುದುರೆಯ ಕೀಲು ಗಟ್ಟಿಯಾಗಲೆಂದು ಬೆಂಗಳೂರಿನಿಂದ ಪುಡಿ ಬಂತು. ಬಿಜಲಿ ಮೂಸಿ ಸೀನಿತು, ಪುಡಿಯೆಲ್ಲ ಮಾವನ ಮೀಸೆಗೆ. ಕೊನೆಗೆ ಅತ್ತೆ ಅದನ್ನು ಅಂಟಿನ ಉಂಡೆಯಲ್ಲಿ ಸೇರಿಸಿ ಕಟ್ಟಿದಳು. "ಬಾಣಂತಿಗೆ ಕಟ್ಟೋದನ್ನ ಕುದುರಿಗೆ ಕಟ್ಟಸ್ತಾರಲ್ರೀ, ಶಿವನ!" ಎಂದು ಗೊಣಗುತ್ತಲೇ. ಬಿಜಲಿ ಚಪ್ಪರಿಸಿ ತಿಂದು, ಅಂದಿನಿಂದ ಅತ್ತೆಯ ಸೆರಗು ಬಿಡಲಿಲ್ಲ.

ಆದರೆ ಡಾಕ್ಟರು ಹೇಳಿದ್ದು ಬೇರೆ: "ಬರೇ ಪುಡಿಯಿಂದ ಏನೂ ಆಗಂಗಿಲ್ರಿ. ದಿನಾ ನಡಸ್ರಿ, ನಿಧಾನಕ್ಕ ಹೆಚ್ಚಸ್ರಿ." ಮಾವ ಕಾಲುವೆ ದಂಡೆಯಲ್ಲಿ ನಡೆಸಿದ, ತಾನೂ ಕುಂಟುತ್ತಾ. ಅವನದೂ ಮೊಣಕಾಲು ಹೋಗಿತ್ತಲ್ಲ! ಅತ್ತೆ ದವಾಖಾನೆಯಲ್ಲಿ ತೋರಿಸಿರೆಂದರೆ ಒಂದೇ ಉತ್ತರ: "ನಂದೇನೈತಿ ಬಿಡು, ನಾನೇನ್ ರೇಸ್ ಓಡ್ಬೇಕಾ?"

ಯಶವಂತನಗರದಾಚೆಯ ಬಯಲಿನಲ್ಲಿ ಪಂದ್ಯ. ಅತ್ತೆಯೂ ನಾನೂ ನೋಡಲು ಹೋಗಿದ್ದೆವು. ಕೆಂಧೂಳಿನಲ್ಲಿ ಮಿಂದ ಬಿಜಲಿ ಓಡಿ ಮುಗಿಸಿತು. ಸವಾರ ಮಜ್ಜಿಗೆ ಹುಡುಕಿಕೊಂಡು ಹೋದ. ಕೊನೆಯ ತಪಾಸಣೆಯ ಮರ್ಯಾದೆ ತನಗೇ ಇರಲೆಂದು ಮಾವ ಹಗ್ಗವನ್ನು ಗಿಡ್ಡಗೆ ಹಿಡಿದು ಓಡಿದ. ಅವನ ಕಾಲು ಕುಂಟಿದಾಗೊಮ್ಮೆ ಹಗ್ಗ ಜಗ್ಗಿತು, ಹಗ್ಗ ಜಗ್ಗಿದಾಗೊಮ್ಮೆ ಬಿಜಲಿ ತಲೆ ಮೇಲೆ ಕೆಳಗೆ ಆಡಿಸಿತು. ಕುಂಟುವ ಕುದುರೆಯ ಗುರುತೇ ಅದು.

ಡಾಕ್ಟರು ಕನ್ನಡಕ ಸರಿಸಿದರು. "ಕುಂಟೋದು ಕುದುರಿಯೋ ನೀವೋ ತಿಳೀವಲ್ದು. ಹಗ್ಗ ಬ್ಯಾರೆಯವ್ರಿಗೆ ಕೊಡ್ರಿ, ಇನ್ನೊಮ್ಮೆ ನೋಡ್ತೀನಿ."

ಮಾವನ ಕೈ ತಾನಾಗಿ ಮೀಸೆಗೆ ಹೋಯಿತು. ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸರೀರಿ ಅತ್ಲಾಗ!" ಎಂದು ಹಗ್ಗ ಕಸಿದುಕೊಂಡು ಓಟ ಕಿತ್ತಳು. ಸೆರಗಿನ ಗಂಟಿನಲ್ಲಿ ಉಂಡೆ. ಹಗ್ಗ ಸಡಿಲ, ಬಿಜಲಿ ಬೆನ್ನ ಹಿಂದೆ, ತಲೆ ನೆಟ್ಟಗೆ. ಏನು ಓಟ ಅಂತೀರಿ! ಡಾಕ್ಟರು ನಗುತ್ತಲೇ ಪಾಸು ಮಾಡಿದರು.

ಉಂಡೆಯನ್ನು ಅತ್ತೆ ಎರಡು ಮಾಡಿದಳು. ಅರ್ಧ ಬಿಜಲಿಗೆ, ಅರ್ಧ ಮಾವನ ಬಾಯಿಗೆ. "ನಾಳೆ ದವಾಖಾನಿಗೆ ನಡೀರಿ." ಬಾಯಿ ತುಂಬಿದ್ದ ಮಾವ ಬರೇ ತಲೆಯಾಡಿಸಿದ.

"ಡಾಕ್ಟರಿಗೆ ಕಾಲು ಯಾವಾಗ ತೋರಿಸ್ತೀರಿ?" ನನ್ನ ಹೆಂಡತಿ ಉಂಡೆ ಹಿಡಿದು ಮುಂದೆ ನಿಂತಿದ್ದಳು. ನಂದೇನೈತಿ ಬಿಡು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಉಂಡೆಯ ಜೊತೆ ಅದನ್ನೂ ನುಂಗಿ ಚಪ್ಪಲಿ ಮೆಟ್ಟಿದೆ. ಅವಳು ಇನ್ನೊಂದು ಉಂಡೆಯನ್ನು ಸೆರಗಿಗೆ ಕಟ್ಟಿಕೊಂಡು ಮುಂದೆ ನಡೆದಳು. ನಾನು ಹಿಂದೆ ಹಿಂದೆ ನಡೆದೆ.