ಕಳ್ಳಿ ತೋಟಕ್ಕೆ ಸಹಾಯ ಕೇಳಹೋದಾಗ ಅಮ್ಮ ಆಡಿಸಿದ ಮಾತು

ಕಳೆದ ವರ್ಷ ಏಪ್ರಿಲ್ ಮೊದಲ ವಾರ. ಸೋಮವಾರ ಮಧ್ಯಾಹ್ನ ನಾನು ಬಸಳೆ ಹೆಚ್ಚುತ್ತಿದ್ದೆ, ನಮ್ಮವರು ಬಂದುಬಿಟ್ಟರು. ಇವರು ಇಲ್ಲಿ ಗಲ್ಫಿನಲ್ಲಿ, ಮರಳುಗಾಡಿನ ವಫ್ರಾದ ಒಂದು ತೋಟದಲ್ಲಿ ಹತ್ತೊಂಬತ್ತು ವರ್ಷದಿಂದ ಮೇಲ್ವಿಚಾರಕರು. ಸಾಲ್ಮಿಯಾದ ಮನೆಗೆ ಬರುವುದು ಗುರುವಾರ ಸಂಜೆ ಮಾತ್ರ. ಚಪ್ಪಲಿ ಬಿಚ್ಚುತ್ತಲೇ ಹೇಳಿದರು, "ತೋಟ ಖಲಾಸ್. ತಿಂಗಳ ಕೊನೆಗೆ ಮುಚ್ತಾರಂತೆ."

ಬಾವಿಯ ನೀರು ಉಪ್ಪಾಗಿ ಟೊಮೆಟೊ, ಸೌತೆ ಎಲ್ಲ ಸುಟ್ಟುಹೋಗಿದ್ದವು. ತೋಟ ಮುಚ್ಚಿದರೆ ಇವರ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಇಲ್ಲ; ಇವರದಿಲ್ಲದಿದ್ದರೆ ನಮ್ಮದೂ ಇಲ್ಲ. ಮಗಳು ಹನ್ನೆರಡನೇ ಕ್ಲಾಸಿಗೆ ಕಾಲಿಟ್ಟು ಎಂಟು ದಿನವಾಗಿತ್ತು.

ಇವರಿಗೆ ಒಂದು ದಾರಿ ಹೊಳೆದಿತ್ತು. ಮುಳ್ಳಿಲ್ಲದ ಜಾತಿಯ ಪಾಪಾಸುಕಳ್ಳಿ. ಟ್ಯಾಂಕರಿನ ಸ್ವಲ್ಪ ನೀರು ಸಾಕು, ಎಲೆ ಆಡಿಗೆ ಮೇವು, ಹಣ್ಣು ಪೇಟೆಗೆ. ಆದರೆ ಸಸಿಗೆ, ಹನಿ ನೀರಿನ ಪೈಪಿಗೆ, ಎರಡು ವರ್ಷದ ಟ್ಯಾಂಕರಿಗೆ ಯಾರಾದರೂ ದುಡ್ಡು ಹಾಕಬೇಕು. ತೋಟ ನಡೆಸುವ, ನಮ್ಮ ವೀಸಾಕ್ಕೆ ಹೊಣೆಯಾದ ಕಫೀಲ್ ಇವರು ಬರೆದ ಲೆಕ್ಕದ ಕಾಗದ ನೋಡಿ ಪಕ್ಕಕ್ಕಿಟ್ಟರು. ಅವರ ಸಹಿ ಇಲ್ಲದೆ ಬ್ಯಾಂಕಿನವರು ಮಾತಾಡಲಿಲ್ಲ. ಶುವೈಖ್‌ನಲ್ಲಿ ಗೋದಾಮು ಇಟ್ಟಿರುವ ನಮ್ಮ ಊರಿನವರೊಬ್ಬರು ಚಹಾ ಕುಡಿಸಿ, "ಊರಲ್ಲಿ ಕಳ್ಳಿಯನ್ನ ಬೇಲಿಗೆ ನೆಡುವುದು ಮಾರಾಯ. ನೀನು ಅದಕ್ಕೇ ಬೇಲಿ ಹಾಕ್ತೀಯಾ?" ಎಂದು ನಕ್ಕು ಕಳಿಸಿದರು. ಆ ವಾರ ಇವರು ಸರಿಯಾಗಿ ಉಣ್ಣಲಿಲ್ಲ.

ಶುಕ್ರವಾರ ರತ್ನಕ್ಕನ ಫ್ಲ್ಯಾಟಿನಲ್ಲಿ ಭಜನೆ. ದುರ್ಗಮ್ಮನ ಪಟದ ಮುಂದೆ ಕೂತರೆ ನನ್ನ ಬಾಯಿಗೆ ಹಾಡು ಬರಲೇ ಇಲ್ಲ. ಪ್ರಸಾದ ಕೊಡುವಾಗ ರತ್ನಕ್ಕ ಪಕ್ಕಕ್ಕೆ ಕರೆದು ಕೇಳಿದರು. ಹೇಳಿದೆ.

"ಅಮ್ಮನ ಹತ್ರ ದುಡ್ಡು ಕೇಳ್ಬೇಡ ಮಾರಾಯ್ತಿ. ಯಾರ ಹತ್ರ ಹೋಗ್ಬೇಕು ಅಂತ ಕೇಳು."

ಹಾಗೇ ಕೇಳಿಕೊಂಡೆ. ಮರುದಿನ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ ಕಫೀಲರ ತಾಯಿಯ ನೆನಪಾಯಿತು. ಜಮೀನು ಇರುವುದು ಆ ಅಜ್ಜಿಯ ಹೆಸರಿನಲ್ಲಿ. ಮೊದಲು ಈದ್‌ಗೆ ಒಮ್ಮೆ ನೋಡಿದ್ದೆ, ಅಷ್ಟೆ.

ಇವರು ಬೇಡವೆಂದರು. ನಾನು ಇವರು ಮಾದರಿಗೆಂದು ತಂದಿಟ್ಟಿದ್ದ ಒಂದು ಕಳ್ಳಿ ಎಲೆಯನ್ನು ಐಸ್‌ಕ್ರೀಮ್ ಡಬ್ಬದಲ್ಲಿ ಹಾಕಿಕೊಂಡು, ಅಜ್ಜಿಯ ಮನೆಯಿರುವ ಸಲ್ವಾದ ಬಸ್ ಹತ್ತಿದೆ. ನನ್ನ ಅರಬಿ ತರಕಾರಿ ಅಂಗಡಿಯ ಅರಬಿ. ಕಳ್ಳಿಗೆ ಅರಬಿಯಲ್ಲಿ ಏನನ್ನುತ್ತಾರೆಂದು ಇವರು ಹೇಳಿಕೊಟ್ಟಿದ್ದ ಪದವನ್ನು ದಾರಿಯುದ್ದಕ್ಕೂ ಜಪಿಸಿದೆ. ಅಜ್ಜಿಯ ಮುಂದೆ ಕೂತಾಗ ಅರ್ಧ ಪದವೇ ಹೊರಬಂತು.

"ಮಾಮಾ, ಅನಾ ಅಬಿ ಸಬ್ರ್. ಎರಡು ವರ್ಷ." ಅಮ್ಮಾ, ನನಗೆ ಕಳ್ಳಿ ಬೇಕು ಎನ್ನಬೇಕೆಂದಿದ್ದೆ.

ಅವರು ತಸ್ಬೀಹ್ ಮಣಿ ಎಣಿಸುವುದನ್ನು ನಿಲ್ಲಿಸಿದರು. ಮನೆಗೆಲಸದ ಹೆಂಗಸು ಹಿಂದಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: ದೀದಿ, ಕಳ್ಳಿ ಅಂದರೆ ಸಬ್ಬಾರ್. ಸಬ್ರ್ ಅಂದರೆ ತಾಳ್ಮೆ. ನೀವು ಎರಡು ವರ್ಷದ ತಾಳ್ಮೆ ಕೇಳಿದಿರಿ.

ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಡಬ್ಬದ ಮುಚ್ಚಳ ತೆಗೆದೆ. ಎಲೆ ನೋಡಿ ಅಜ್ಜಿ ನಕ್ಕರು. ನಗುತ್ತಲೇ ತಲೆಗೆ ಹೊದ್ದ ಶೇಲೆಯ ಅಂಚಿನಲ್ಲಿ ಕಣ್ಣು ಒರೆಸಿಕೊಂಡರು. ಆ ಹೆಂಗಸು ಅವರ ಮಾತು ತಿಳಿಸಿದಳು:

"ಎರಡೂ ಒಂದೇ ತಾಯಿಯ ಮಕ್ಕಳು, ಮಗಳೇ. ಈ ಮನೆಗೆ ದುಡ್ಡು ಕೇಳುವವರು ದಿನಾ ಬರುತ್ತಾರೆ. ಸಬ್ರ್ ಕೇಳಿದವಳು ನೀನೊಬ್ಬಳೇ."

ಆಮೇಲೆ ಮಗನಿಗೆ ಫೋನು ಮಾಡಿದರು. ಏನೇನು ಮಾತಾಯಿತೋ ನನಗೆ ತಿಳಿಯದು. ಅಜ್ಜಿಯ ದನಿ ಏರಲಿಲ್ಲ. ಭಾನುವಾರ ಕಫೀಲ್ ಇವರನ್ನು ಕರೆಸಿ, ಎರಡು ವರ್ಷ ನೋಡೋಣ, ಖರ್ಚೆಲ್ಲ ತಾಯಿಯದು ಎಂದರು. ಮೇ ತಿಂಗಳಲ್ಲಿ ಮೂವರ ಇಕಾಮಾವೂ ನವೀಕರಣವಾಯಿತು. ಮಗಳು ಪರೀಕ್ಷೆ ಇಲ್ಲೇ ಬರೆದಳು.

ಹಣ್ಣು ಇನ್ನೂ ಬಿಟ್ಟಿಲ್ಲ. ಬಿಟ್ಟ ಮೇಲೆ ಇದನ್ನೆಲ್ಲ ಬರಿ, ಈಗಲೇ ಯಾಕೆ ಎಂದು ಇವರು ಗೊಣಗಿದರು. ನನಗೆ ಹಾಗನಿಸಲಿಲ್ಲ. ಸರಿಯಾದ ಪದ ಆಡಿದ್ದರೆ ನಾನೂ ದುಡ್ಡು ಕೇಳಿದವರಲ್ಲಿ ಒಬ್ಬಳಾಗುತ್ತಿದ್ದೆ. ನನ್ನ ನಾಲಿಗೆ ತಡವರಿಸಿದ ಜಾಗದಲ್ಲಿ ಅಮ್ಮ ತಾನೇ ಮಾತಾಡಿದಳು. ಕಷ್ಟದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಭಾಷೆ ಬರುವುದಿಲ್ಲವೆಂದು ಮನೆಯಲ್ಲೇ ಕೂರಬೇಡಿ; ಅವಳನ್ನು ನೆನೆದು ಬಾಗಿಲು ತಟ್ಟಿ.