ಸರೋಜ ತಾಗಿದರೆ

ಇವತ್ತು ಹೆಬ್ಬಾಳದ ಹೋಟೆಲೊಂದರಲ್ಲಿ ಕೈ ತೊಳೆಯುವಾಗ ಕೆಂಪು ಸೋಪಿನ ವಾಸನೆ ಬಂತು. ಏಳನೇ ಕ್ಲಾಸಿನ ಸರೋಜ ನೆನಪಾದಳು.

ಅವಳ ಅಮ್ಮ ನಮ್ಮ ಬೀದಿ ಗುಡಿಸುತ್ತಿದ್ದರು. ಅಷ್ಟಕ್ಕೇ ನಾನೊಂದು ಆಟ ಶುರು ಮಾಡಿದ್ದೆ. ಸರೋಜ ತಾಗಿದರೆ ಅವಳ ಕೈಯ ಕೊಳೆಯನ್ನು ತಕ್ಷಣ ಇನ್ನೊಬ್ಬರಿಗೆ ಒರೆಸಿಬಿಡಬೇಕು. "ಏಯ್, ನಂಗ್ ಅಂಟಿಸ್ಬೇಡ ಕಣೇ!" ಎಂದು ಕ್ಲಾಸೆಲ್ಲ ಕಿರುಚಿಕೊಂಡು ಓಡುತ್ತಿತ್ತು. ಟೀಚರ್ ಬೈಯುತ್ತಿರಲಿಲ್ಲ. ಅವರೂ ಅವಳ ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಳ್ಳದೆ, "ಅಲ್ಲೇ ಟೇಬಲ್ ಮೇಲಿಡಮ್ಮ" ಎನ್ನುತ್ತಿದ್ದರು.

ಬರಬರುತ್ತಾ ಸರೋಜ ಬ್ಯಾಗಿನಲ್ಲಿ ಕೆಂಪು ಸೋಪಿನ ತುಂಡು ತರತೊಡಗಿದಳು. ಬೆಲ್ಲು ಹೊಡೆದಾಗಲೆಲ್ಲ ನಲ್ಲಿಯ ಹತ್ತಿರ ನಿಂತು, ಬೆರಳಿನ ಚರ್ಮ ಸುಲಿಯುವ ತನಕ ಉಜ್ಜುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಲ್ಲೇ ಪಾಚಿಯ ಮೇಲೆ ಜಾರಿ ಬಿದ್ದೆ. ಹತ್ತಿರ ಅವಳೊಬ್ಬಳೇ ಇದ್ದಳು. ಎಬ್ಬಿಸಲಿ ಎಂದು ಕೈ ಚಾಚಿದೆ. ಅವಳು ತನ್ನ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಹಿಂದೆ ಸರಿದಳು.

"ಬೇಡ ಕಣೇ, ಎಷ್ಟ್ ತೊಳೆದ್ರೂ ಹೋಗ್ತಿಲ್ಲ. ನಿಂಗೂ ಅಂಟ್ಕೊಳ್ಳತ್ತೆ," ಎಂದಳು.

ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನೇ ಕೈಯೂರಿ ಎದ್ದು ಹೋದೆ. ಮರುವಾರದಿಂದ ಅವಳು ಶಾಲೆಗೆ ಬರಲಿಲ್ಲ.

ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಗೊತ್ತಿರುವವರು ಅವಳಿಗೆ ಇದನ್ನು ತೋರಿಸಿ. ಸರೋಜಾ, ನಿನ್ನ ಕೈಯಲ್ಲಿ ಏನೂ ಇರಲಿಲ್ಲ ಕಣೇ. ಸುಳ್ಳು ಹೇಳಿದ್ದು ನಾನು.