ಮೊದಲು ಚೆಕ್, ಆಮೇಲೆ ಬಿಲ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೂರ್ತಿಯಮ್ಮ ವಕೀಲರ ಕಚೇರಿಯ ಷಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಪೂರ್ತಿ ಎತ್ತಿದರೆ ಅದರ ಸದ್ದಿಗೆ ಮಹಡಿ ಮೇಲಿನವರು ಬೈಯುತ್ತಾರೆ. ನೆಲ ಗುಡಿಸಿ, ಮೇಜು ಒರೆಸಿ, ಅಂದಿನ ಫೈಲುಗಳನ್ನು ಕಟ್ಟಿಟ್ಟ ಮೇಲೆ ಎರಡು ಲಕೋಟೆ ತೆಗೆಯುತ್ತಾರೆ. ಕಕ್ಷಿದಾರನ ಚೆಕ್ ಇರುವುದನ್ನು ಮೇಜಿನ ಮೇಲಿಡುತ್ತಾರೆ. ವಕೀಲರ ಫೀಸಿನ ಬಿಲ್ ಇರುವುದನ್ನು ಡ್ರಾಯರಿಗೆ ಹಾಕಿ ಮುಚ್ಚುತ್ತಾರೆ. ಈ ಕಚೇರಿಯಲ್ಲಿ ಎರಡೂ ಒಂದೇ ಹೊತ್ತಿಗೆ ಕಕ್ಷಿದಾರನ ಕಣ್ಣಿಗೆ ಬೀಳುವಂತಿಲ್ಲ.

ಇಪ್ಪತ್ತಾರು ವರ್ಷದಿಂದ ಇವರು ಇಲ್ಲಿ ಗುಮಾಸ್ತೆ. ಚೆಕ್ ಕೊಡುವಾಗ "ಪೂರ್ತಿ ನಿಮ್ದು, ನೋಡ್ಕೊಳ್ಳಿ" ಅನ್ನುವುದು ರೂಢಿ. ಕೋರ್ಟಿನ ಕ್ಯಾಂಟೀನಿನವರು ಅದನ್ನೇ ಹಿಡಿದು ಪೂರ್ತಿಯಮ್ಮ ಎಂದು ಹೆಸರಿಟ್ಟಿದ್ದಾರೆ. ಎದುರು ಪಕ್ಷದವರು ಕೊಡುವ ಪರಿಹಾರ ಕಕ್ಷಿದಾರರಿಗೆಂದೇ ಕಚೇರಿ ತೆರೆದಿರುವ ಪ್ರತ್ಯೇಕ ಖಾತೆಗೆ ಬರುತ್ತದೆ. ಬೇರೆ ಎಷ್ಟೋ ಕಡೆ ಫೀಸು ಹಿಡಿದುಕೊಂಡು ಮಿಕ್ಕಿದ್ದನ್ನು ಕೊಡುತ್ತಾರೆ. ಇಲ್ಲಿ ಬಂದಷ್ಟೂ ಕಕ್ಷಿದಾರನ ಕೈ ಸೇರುತ್ತದೆ. ಅವನು ಎದ್ದು ಬಾಗಿಲ ತನಕ ಹೋದ ಮೇಲೆ ಡ್ರಾಯರಿನ ಲಕೋಟೆ ಹೊರಗೆ ಬರುತ್ತದೆ.

ಇದು ಹೋದ ವರ್ಷ ತೀರಿಕೊಂಡ ಹಿರಿಯ ವಕೀಲರು ಮಾಡಿದ ಪದ್ಧತಿ. "ಸಾಹೇಬ್ರು ಹೇಳೋರು, ಅವನ ದುಡ್ಡು ನಮ್ಮ ಕೈಲಿ ಇಟ್ಕೊಂಡು ಫೀಸು ಕೇಳಿದ್ರೆ ಅದು ಕೇಳೋದಲ್ಲ, ಕುತ್ತಿಗೆ ಹಿಡಿಯೋದು ಅಂತ."

ಕೇಳಲು ಚೆನ್ನಾಗಿರುವ ಮಾತು. ಬಾಡಿಗೆ ಕಟ್ಟಲು ಆಗುವ ಮಾತಲ್ಲ. ಕೆಲವರು ಬಂದು ಫೀಸು ಕೊಡುತ್ತಾರೆ, ಕೆಲವರು ಅರ್ಧ ಕೊಡುತ್ತಾರೆ, ಕೆಲವರು ಬರುವುದೇ ಇಲ್ಲ. ಪೂರ್ತಿಯಮ್ಮನಿಗೆ ಮೂರು ತಿಂಗಳಿಂದ ಸಂಬಳವಾಗಿಲ್ಲ. "ನಮ್ಮನೆಯವರು ಕೇಳ್ತಾರೆ, ನಿಮ್ದು ಆಫೀಸೋ ಧರ್ಮಛತ್ರಾನೋ? ನಾನೂ ಬಂದು ಮಲ್ಕೋಬಹುದಾ ಅಂತ." ನಗುತ್ತಾರೆ. ಆದರೆ ಹಾಲಿನವನಿಗೆ ಏನು ಹೇಳುವುದೆಂದು ಅವರಿಗೆ ಗೊತ್ತಿಲ್ಲ.

ಈಗ ಕಚೇರಿ ನಡೆಸುತ್ತಿರುವುದು ಸಾಹೇಬರ ಮಗಳು. ಕಕ್ಷಿದಾರರ ಮುಂದೆ ಇವರಿಗೆ ಆಕೆ ಮೇಡಂ, ಉಳಿದ ಹೊತ್ತು ಪುಟ್ಟಿ. ಆಕೆ ಇವರಿಗೆ ನೇರವಾಗಿಯೇ ಹೇಳುತ್ತಾರೆ: "ನಾನೇನು ಕದಿಯೋಣ ಅಂತಿದೀನಾ ಅಮ್ಮಾ? ಕೇಸು ಹಿಡಿಯೋವಾಗ್ಲೇ ಬರೆಸ್ಕೊಂಡು, ಲೆಕ್ಕ ತೋರಿಸಿ, ಅವರು ಒಪ್ಪಿದ್ಮೇಲೇ ಹಿಡ್ಕೊಳ್ಳೋಣ. ನಿಮ್ಮ ಸಂಬಳ ಕೊಡೋಕೆ ನಾನು ಸಾಲ ಮಾಡ್ಬೇಕಾ?" ಕೊನೆಗೆ ಇಬ್ಬರೂ ಒಂದು ಮಾತಿಗೆ ಬರುತ್ತಾರೆ. ಇಂದು ಚೆಕ್ ಒಯ್ಯುವವನು ಫೀಸು ತಂದರೆ ಹಳೇ ಪದ್ಧತಿ ಉಳಿಯುತ್ತದೆ, ತರದಿದ್ದರೆ ಇಲ್ಲ.

ಹತ್ತು ಗಂಟೆಗೆ ಅವನು ಹೆಂಡತಿಯ ಜೊತೆ ಬರುತ್ತಾನೆ. ಗೋಡೆಗೆ ಬಣ್ಣ ಬಳಿಯುವ ಕೆಲಸದವನು. ಹತ್ತಿ ನಿಂತಿದ್ದ ಮರದ ಸಾರುವೆ ಮುರಿದು ಬಿದ್ದು ಮೊಣಕಾಲು ಹೋಗಿದೆ. ಕಂಕುಳಲ್ಲಿ ಊರುಗೋಲು. ಚೆಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ.

"ಏನೂ ಕಟ್ ಆಗಿಲ್ವಾ ಅಕ್ಕಾ? ನಮ್ಮ ಮೇಸ್ತ್ರಿ ಕೂಲಿ ಕೊಡೋವಾಗ ಟೀ ದುಡ್ಡೂ ಹಿಡ್ಕೊಂತಿದ್ದ."

"ಸುಮ್ನಿರ್ರೀ," ಹೆಂಡತಿ ಮೊಣಕೈಯಿಂದ ತಿವಿಯುತ್ತಾಳೆ, "ನೀವೇ ನೆನಪು ಮಾಡ್ಕೊಡ್ತಾ ಇದೀರಲ್ಲ!"

ಬಾಗಿಲಲ್ಲಿ ಪೂರ್ತಿಯಮ್ಮ ಎರಡನೇ ಲಕೋಟೆ ಕೊಡುತ್ತಾರೆ. "ಇದು ಫೀಸು. ಯಾರ ಹತ್ರಾನಾದ್ರೂ ಓದಿಸಿ. ಜಾಸ್ತಿ ಅನ್ಸಿದ್ರೆ ಬಂದು ಜಗಳ ಆಡಿ."

"ಜಗಳ ಯಾಕಕ್ಕಾ? ಚೆಕ್ ಪಾಸಾದ ಮಾರನೇ ದಿನಾನೇ ಬರ್ತೀನಿ."

ಚೆಕ್ ಪಾಸಾಗುತ್ತದೆ. ಅವನು ಬರುವುದಿಲ್ಲ. ದಿನಾ ಸಂಜೆ ಪುಟ್ಟಿ "ಬಂದ್ರಾ?" ಅನ್ನುತ್ತಾರೆ, ಆಮೇಲೆ ಕೇಳುವುದನ್ನೂ ಬಿಡುತ್ತಾರೆ. ಮುಂದಿನ ವಾರ, ಇನ್ನು ಮೇಲೆ ಕಕ್ಷಿದಾರರು ಸಹಿ ಹಾಕಬೇಕಾದ, ಫೀಸು ಹಿಡಿದುಕೊಳ್ಳುವ ಒಪ್ಪಿಗೆ ಪತ್ರವನ್ನು ಪೂರ್ತಿಯಮ್ಮನೇ ಟೈಪ್ ಮಾಡುತ್ತಾರೆ. "ಇದ್ರಲ್ಲಿ ತಪ್ಪೇನಿಲ್ಲ. ಎಲ್ಲಾ ಬಿಡಿಸಿ ಬರೆದಿದೆ. ಆದ್ರೆ ಪೂರ್ತಿ ನಿಮ್ದು ಅನ್ನೋಕೆ ಇನ್ನು ಬಾಯಿ ಬರಲ್ಲ."

ಅವನು ಯಾಕೆ ಬರಲಿಲ್ಲ ಎಂದು ಅವರಿಗೆ ಗೊತ್ತಿಲ್ಲ. ಮನೆಯಲ್ಲಿ ಹಳೇ ಸಾಲ ಇರಬಹುದು, ಮನಸ್ಸೇ ಬದಲಾಗಿರಬಹುದು. ಆದರೆ ಮೊನ್ನೆ ಮಾರುಕಟ್ಟೆ ರಸ್ತೆಯಲ್ಲಿ ಅವನು ಕಂಡಿದ್ದಾನೆ. ಇವರನ್ನು ನೋಡಿದವನೇ ಊರುಗೋಲು ಊರಿಕೊಂಡು, ಬಸ್ಸಿನ ಹಾರ್ನ್ ಕೂಡ ಲೆಕ್ಕಿಸದೆ ರಸ್ತೆ ದಾಟಿಬಿಟ್ಟಿದ್ದಾನೆ. ಫೀಸು ಕೊಡದ ಎಷ್ಟೋ ಜನ ಹೀಗೆ ದಾಟಿದ್ದನ್ನು ಪೂರ್ತಿಯಮ್ಮ ಕಂಡಿದ್ದಾರೆ. ಕುಂಟಿಕೊಂಡು ದಾಟಿದ್ದನ್ನು ನೋಡಿದ್ದು ಇದೇ ಮೊದಲು.

"ದುಡ್ಡು ಬರ್ಬೇಕು, ಇಲ್ಲ ಅನ್ನಲ್ಲ. ನಂಗೂ ಸಂಬಳ ಆಗ್ಬೇಕಲ್ಲ," ಎಂದು ಟೀ ಲೋಟ ಒಯ್ಯಲು ಬಂದ ಕ್ಯಾಂಟೀನಿನವರಿಗೆ ಹೇಳುತ್ತಾ ಷಟರ್ ಎಳೆಯುತ್ತಾರೆ. "ಆದ್ರೆ ಆ ಕಾಲಲ್ಲಿ ಅವನು ಹಂಗೆ ಓಡಬಾರ್ದು. ನಿಮಗೇನಾದ್ರೂ ಅವನು ಸಿಕ್ಕಿದ್ರೆ ಹೇಳಿ, ಇನ್ನೊಂದ್ಸಲ ಎದುರಾದ್ರೆ ಆ ಕಡೆ ನಾನೇ ದಾಟ್ಕೊಳ್ತೀನಿ ಅಂತ."